ಹಳೇದೋ ಹೊಸದೋ? ಒಂದೇ ಲೈಬ್ರರಿಯ ಎರಡು ವರ್ಷನ್‌ಗಳ ಜಗಳ ಬಿಡಿಸುವುದು

ಜನವರಿಯ ಒಂದು ಬೆಳಿಗ್ಗೆ ಬ್ಯಾಡಗಿಯಿಂದ ಚಿಕ್ಕಪ್ಪನ ಮಗನ ಫೋನ್ ಬಂತು. ಅವನು ಅಲ್ಲಿ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಾನೆ. ಯಾವ ರೈತರದು ಎಷ್ಟು ಚೀಲ, ಅದರಲ್ಲಿ ಡಬ್ಬಿ ಎಷ್ಟು, ಕಡ್ಡಿ ಎಷ್ಟು, ಯಾವ ಲಾಟಿಗೆ ಏನು ದರ ಬಿತ್ತು ಅಂತ ಎಕ್ಸೆಲ್ ಶೀಟ್ ಓದಿ ಪಟ್ಟಿ ತೆಗೆಯುವ ಸಣ್ಣ ಪೈಥಾನ್ ಸ್ಕ್ರಿಪ್ಟ್ ಒಂದನ್ನು ತಾನೇ ಬರೆದುಕೊಂಡಿದ್ದ.

"ಅಣ್ಣಾ, ನಿನ್ನೆ ತನಕ ಚಲೋ ನಡದಿತ್ತು. ಇವತ್ತ ನಿಂತೈತಿ. ನಾ ಏನೂ ಮಾಡಿಲ್ಲ."

"ಏನೂ ಮಾಡಿಲ್ಲಂದ್ರ ಹೆಂಗ ನಿಲ್ತೈತಿ? ಖರೇ ಹೇಳು."

"ಒಂದ್ ಚಾರ್ಟ್ ಪ್ಯಾಕೇಜ್ ಹಾಕೇನಿ, ಅಷ್ಟ. ಇನ್ನೊಂದ್ ಮಜಾ ಕೇಳು. ಸುಡೋ ಹಚ್ಚಿ ಓಡಿಸಿದ್ರ ನಡೀತೈತಿ. ಹಂಗ ಓಡಿಸಿದ್ರ ಇಲ್ಲ."

ಸುಡೋ ಅಂದರೆ ಯಂತ್ರದ ಯಜಮಾನ ಖಾತೆಯ, ಅಂದರೆ ರೂಟ್‌ನ, ಅಧಿಕಾರದಲ್ಲಿ ಓಡಿಸುವ ಕಮಾಂಡ್. ಹಾಗಾಗಿ ಇದು ಪರ್ಮಿಷನ್ ತೊಂದರೆ ಅಂತ ಅವನ ಲೆಕ್ಕ. ಆದರೆ ಅವನ ಲ್ಯಾಪ್‌ಟಾಪಿನಲ್ಲಿ ಪಾಂಡಾಸ್ ಲೈಬ್ರರಿಯ (ಶೀಟಿನ ಲೆಕ್ಕ ಓದಿ ಜೋಡಿಸಲು ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಎರಡು ಪ್ರತಿಗಳು ಕೂತಿದ್ದವು. ಸುಡೋ ಹಾಕಿದಾಗ ಒಂದು ಎದ್ದು ಬರುತ್ತಿತ್ತು, ಹಾಕದಿದ್ದಾಗ ಇನ್ನೊಂದು. ಅದನ್ನು ಹೇಗೆ ಹಿಡಿದೆವು, ಹೇಗೆ ಸರಿಮಾಡಿದೆವು ಅನ್ನೋದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಉದಾಹರಣೆ ಪೈಥಾನ್‌ದು, ಯಂತ್ರ ಉಬುಂಟು 22.04. ವಿಂಡೋಸ್‌ನವರಿಗೆ ಬೇರೆಯಾಗುವ ಕಡೆ ಹೇಳುತ್ತಾ ಹೋಗುತ್ತೇನೆ. ಕಮಾಂಡ್‌ಗಳನ್ನು ಓದುವುದಕ್ಕೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರಗಳನ್ನೇ (ಸ್ಮಾಲ್ ಲೆಟರ್) ಬಳಸಿ.

ಮೊದಲು ಕೈ ಕಟ್ಟಿಕೊಂಡು ಕೂತುಕೊಳ್ಳಿ

ಎರರ್ ಬಂದ ಕೂಡಲೇ ಎಲ್ಲರೂ ಮಾಡುವುದು ಒಂದೇ. ಅನ್‌ಇನ್‌ಸ್ಟಾಲ್, ಮತ್ತೆ ಇನ್‌ಸ್ಟಾಲ್. ಅದಕ್ಕೂ ಆಗದಿದ್ದರೆ ಸುಡೋ ಹಾಕಿ ಇನ್ನೊಮ್ಮೆ ಇನ್‌ಸ್ಟಾಲ್. ನಾನೂ ವರ್ಷಗಟ್ಟಲೆ ಇದನ್ನೇ ಮಾಡಿದ್ದೇನೆ. ಹೀಗೆ ಮಾಡಿದಾಗ ಎರಡಿದ್ದ ಪ್ರತಿ ಮೂರಾಗುತ್ತದೆ, ಮೊದಲಿನ ಎರರ್ ಏನಿತ್ತು ಅನ್ನೋದೂ ಮರೆತುಹೋಗುತ್ತದೆ.

ಅದಕ್ಕೇ ಮೊದಲು ಎರಡು ಕೆಲಸ ಮಾಡಿ. ಎರರನ್ನು ಪೂರ್ತಿ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಒಂದು ಫೈಲಿಗೆ ಕಾಪಿ ಮಾಡಿಟ್ಟುಕೊಳ್ಳಿ. ಬರೀ ಕೊನೆಯ ಸಾಲಿನ ಫೋಟೋ ಹೊಡೆದು ವಾಟ್ಸಾಪ್ ಮಾಡಿದರೆ ಯಾರಿಗೂ ಉಪಯೋಗವಿಲ್ಲ, ಯಾಕಂದರೆ ಮಧ್ಯದ ಸಾಲುಗಳಲ್ಲೇ ಫೈಲ್ ಎಲ್ಲಿಂದ ಬಂತು ಅನ್ನೋ ದಾರಿ ಇರುತ್ತದೆ. ಆಮೇಲೆ ಈಗ ಏನೇನು ಇದೆ ಅನ್ನೋ ಪಟ್ಟಿಯನ್ನು ಪಿಪ್‌ನಿಂದ (ಪೈಥಾನ್‌ಗೆ ಪ್ಯಾಕೇಜ್ ತಂದು ಹಾಕುವ ಟೂಲ್) ತೆಗೆದಿಡಿ:

ಪೈಥಾನ್3 -ಎಂ ಪಿಪ್ ಫ್ರೀಜ್ > ಮೊದಲಿದ್ದದ್ದು.ಟಿಎಕ್ಸ್‌ಟಿ

ನಾಳೆ ಎಲ್ಲ ಕೆಟ್ಟುಹೋದರೂ ಇವತ್ತು ಏನಿತ್ತು ಅಂತ ಗೊತ್ತಿರುತ್ತದೆ.

ಎರರ್‌ನ ಮುಖ ನೋಡಿದರೆ ಅರ್ಧ ಊಹೆ ಆಗುತ್ತದೆ. "ಈ ವಸ್ತುವಿಗೆ ಆ ಹೆಸರಿನ ಆಟ್ರಿಬ್ಯೂಟ್ ಇಲ್ಲ" ಅಂದರೆ, ಲೈಬ್ರರಿ ಸಿಕ್ಕಿದೆ, ಆದರೆ ನಿಮ್ಮ ಕೋಡ್ ಅಂದುಕೊಂಡ ವರ್ಷನ್ ಅದಲ್ಲ. "ಮಾಡ್ಯೂಲ್ ಸಿಗಲಿಲ್ಲ" ಅಂತ ಪೈಥಾನ್ ಹೇಳುತ್ತಿದ್ದು, ಪಿಪ್ ಮಾತ್ರ "ಆಗಲೇ ಇದೆಯಲ್ಲ" ಅನ್ನುತ್ತಿದ್ದರೆ, ಎರಡು ಬೇರೆ ಬೇರೆ ಪೈಥಾನ್‌ಗಳ ಜೊತೆ ನೀವು ಮಾತಾಡುತ್ತಿದ್ದೀರಿ. "ನಂಪೈ 1.ಎಕ್ಸ್ ಇಟ್ಟುಕೊಂಡು ಕಂಪೈಲ್ ಮಾಡಿದ್ದು ನಂಪೈ 2ರಲ್ಲಿ ನಡೆಯುವುದಿಲ್ಲ" ಅಥವಾ "ಡಿಟೈಪ್ ಸೈಜ್ ಬದಲಾಗಿದೆ" ಅಂದರೆ, ಒಳಗಿನ ಸಿ ಕೋಡ್ ಒಂದು ಕಾಲದ್ದು, ಅದರ ಕೆಳಗಿರುವ ಲೈಬ್ರರಿ (ಇಲ್ಲಿ ನಂಪೈ, ಪಾಂಡಾಸ್ ನಿಂತಿರುವುದು ಇದರ ಮೇಲೆ) ಇನ್ನೊಂದು ಕಾಲದ್ದು.

ತಮ್ಮನಿಗೆ ಬಂದಿದ್ದು ಮೊದಲನೇ ಜಾತಿಯದು. ಡೇಟಾಫ್ರೇಮ್‌ಗೆ (ಪಾಂಡಾಸ್ ಡೇಟಾ ಇಡುವ ಕೋಷ್ಟಕ) "ಅಪೆಂಡ್", ಅಂದರೆ ಸಾಲು ಸೇರಿಸುವ ಆಯ್ಕೆ, ಇಲ್ಲ ಅಂತ. 2023ರ ಏಪ್ರಿಲ್‌ನಲ್ಲಿ ಬಂದ ಪಾಂಡಾಸ್ 2.0ರಲ್ಲಿ ಆ ಅಪೆಂಡನ್ನು ತೆಗೆದುಹಾಕಿದರು. ಅದಕ್ಕೂ ಮೊದಲು 1.4ರಿಂದಲೇ "ಇದನ್ನು ಬಿಟ್ಟುಬಿಡಿ, ಮುಂದೆ ಇರುವುದಿಲ್ಲ" ಅಂತ ಎಚ್ಚರಿಕೆ ಬರುತ್ತಿತ್ತು. ಎಚ್ಚರಿಕೆ ಯಾರು ಓದುತ್ತಾರೆ, ಅಲ್ವಾ? ಅಂದರೆ ಓಡುತ್ತಿರುವುದು 2 ಅಥವಾ ಅದಕ್ಕಿಂತ ಮೇಲಿನದು ಅಂತಾಯಿತು. ಆದರೆ ಅವನು ಪಟ್ಟು ಬಿಡಲಿಲ್ಲ. "ಎಪಿಟಿ ಕೇಳಿದ್ರ 1.3.5 ಅಂತೈತಿ ಅಣ್ಣಾ, ಬೇಕಾದ್ರ ನೋಡು."

ಎಪಿಟಿ ಅಂದರೆ ಉಬುಂಟುವಿನ ಸ್ವಂತ ಪ್ಯಾಕೇಜ್ ಹಾಕುವ ಟೂಲ್. ಇಬ್ಬರು ಹೇಳಿದ್ದೂ ಖರೇನೇ ಆಗಿತ್ತು.

ಯಾವ ಪೈಥಾನ್, ಯಾವ ಪಿಪ್?

ಹುಬ್ಬಳ್ಳಿಯಲ್ಲಿ ಆಟೋ ಹತ್ತಿ ಸುಮ್ನೆ "ಬಸ್ ಸ್ಟ್ಯಾಂಡ್" ಅಂದು ನೋಡಿ. "ಯಾವುದ್ರೀ? ಹಳೇದೋ ಹೊಸದೋ?" ಅಂತ ಕೇಳಿಯೇ ಗೇರ್ ಹಾಕುತ್ತಾರೆ. ಚೆನ್ನಮ್ಮ ಸರ್ಕಲ್ ಹತ್ತಿರ ಒಂದು, ಗೋಕುಲ ರಸ್ತೆಯಲ್ಲಿ ಒಂದು. ಕಂಪ್ಯೂಟರ್ ಹಾಗೆ ಕೇಳುವುದಿಲ್ಲ. "ಪೈಥಾನ್" ಅಂದರೆ ದಾರಿಯಲ್ಲಿ ಮೊದಲು ಸಿಕ್ಕಿದ್ದಕ್ಕೆ ಕರೆದುಕೊಂಡು ಹೋಗಿ ಇಳಿಸಿಬಿಡುತ್ತದೆ. ಇನ್ನೊಂದು ಇತ್ತು ಅಂತ ಹೇಳುವುದೂ ಇಲ್ಲ. ಆದ್ದರಿಂದ ನಾವೇ ಕೇಳಬೇಕು.

ಲಿನಕ್ಸ್‌ನಲ್ಲಿ:

ವಿಚ್ -ಎ ಪೈಥಾನ್3
ವಿಚ್ -ಎ ಪಿಪ್

ಆ "-ಎ" ಮರೆಯಬೇಡಿ. ಅದಿಲ್ಲದಿದ್ದರೆ ಮೊದಲನೆಯದನ್ನಷ್ಟೇ ತೋರಿಸುತ್ತದೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು "ವೇರ್ ಪೈಥಾನ್" ಅನ್ನಿ. ಪೈಥಾನ್ ಲಾಂಚರ್ ಇದ್ದರೆ "ಪಿವೈ -0" ಎಲ್ಲ ಪೈಥಾನ್‌ಗಳ ಪಟ್ಟಿಯನ್ನೇ ಕೊಡುತ್ತದೆ.

ಪಿಪ್‌ನದು ಇನ್ನೊಂದು ಕಥೆ. ಪಿಪ್ ಅನ್ನೋ ಕಮಾಂಡ್ ಯಾವ ಪೈಥಾನ್‌ಗೆ ಕಟ್ಟಿಕೊಂಡಿದೆ ಅಂತ ಹೆಸರಿನಿಂದ ಗೊತ್ತಾಗುವುದಿಲ್ಲ. "ಪಿಪ್ --ವರ್ಷನ್" ಕೊಟ್ಟರೆ ಕೊನೆಯಲ್ಲಿ ಕಂಸದೊಳಗೆ ಪೈಥಾನ್ ನಂಬರ್ ಬರುತ್ತದೆ, ಅದಕ್ಕೂ ಮುಂಚೆ ಫೋಲ್ಡರ್ ದಾರಿ. ಆ ಎರಡನ್ನೂ ನೋಡಿ. ಆಮೇಲಿಂದ ಬರೀ "ಪಿಪ್" ಅನ್ನುವುದನ್ನು ಬಿಟ್ಟು, ಯಾವಾಗಲೂ "ಪೈಥಾನ್3 -ಎಂ ಪಿಪ್" ಅಂತ ಬರೆಯುವ ರೂಢಿ ಮಾಡಿಕೊಳ್ಳಿ. ಆಗ ಯಾವ ಪೈಥಾನ್ ಸ್ಕ್ರಿಪ್ಟ್ ಓಡಿಸುತ್ತದೆಯೋ ಅದೇ ಪೈಥಾನ್‌ಗೆ ಪ್ಯಾಕೇಜ್ ಬೀಳುತ್ತದೆ. ನಾಲ್ಕು ಅಕ್ಷರ ಜಾಸ್ತಿ ಟೈಪ್ ಮಾಡಬೇಕು, ನಿಜ. ನನ್ನ ಹತ್ತಿರ ಬರುವ ಹುಡುಗರ ಪಿಪ್ ರಗಳೆಗಳಲ್ಲಿ ಬಹಳಷ್ಟು ಇಲ್ಲಿಗೇ ಮುಗಿಯುತ್ತವೆ.

ಯಾವ ಪ್ರತಿ ಎದ್ದು ಬಂತು?

ಈಗ ಮುಖ್ಯ ಪ್ರಶ್ನೆ. ಇನ್‌ಸ್ಟಾಲ್ ಆಗಿರುವುದು ಯಾವುದು ಅನ್ನೋದು ಬೇರೆ, ಓಡುವಾಗ ಎದ್ದು ಬರುವುದು ಯಾವುದು ಅನ್ನೋದು ಬೇರೆ. ಎರಡನೆಯದನ್ನು ಪಿಪ್‌ಗೂ ಎಪಿಟಿಗೂ ಕೇಳಬೇಡಿ. ಲೈಬ್ರರಿಯನ್ನೇ ಕೇಳಿ:

ಪೈಥಾನ್3 -ಸಿ "ಇಂಪೋರ್ಟ್ ಪಾಂಡಾಸ್; ಪ್ರಿಂಟ್(ಪಾಂಡಾಸ್.__ವರ್ಷನ್__, ಪಾಂಡಾಸ್.__ಫೈಲ್__)"

ಆ ಗೀಟುಗಳು ಎರಡೆರಡು ಅಂಡರ್‌ಸ್ಕೋರ್. ತಮ್ಮನಿಗೆ ಇದನ್ನು ಫೋನಿನಲ್ಲಿ ಹೇಳಿ ಟೈಪ್ ಮಾಡಿಸುವುದಕ್ಕೇ ಹತ್ತು ನಿಮಿಷ ಹಿಡಿಯಿತು. ಆ ಕಡೆಯಿಂದ ಹಮಾಲರ ಕೂಗು ಬೇರೆ. ಕೊನೆಗೆ ಬಂದ ಉತ್ತರ 2ರಿಂದ ಶುರುವಾಗುವ ವರ್ಷನ್, ದಾರಿ ಅವನ ಹೋಮ್ ಫೋಲ್ಡರಿನೊಳಗೆ "~/.ಲೋಕಲ್/ಲಿಬ್/ಪೈಥಾನ್3.10/ಸೈಟ್-ಪ್ಯಾಕೇಜಸ್". ಇದನ್ನೇ ಸುಡೋ ಹಾಕಿ ಓಡಿಸು ಅಂದೆ. ಈಗ ಬಂದದ್ದು 1.3.5, ದಾರಿ "/ಯುಎಸ್‌ಆರ್/ಲಿಬ್/ಪೈಥಾನ್3/ಡಿಸ್ಟ್-ಪ್ಯಾಕೇಜಸ್".

ಗುಟ್ಟು ಅಲ್ಲೇ ರಟ್ಟಾಯಿತು. ಹಳೇದನ್ನು ಯಾವತ್ತೋ ಎಪಿಟಿಯಿಂದ ಹಾಕಿದ್ದ. ಹಿಂದಿನ ಸಂಜೆ ಹಾಕಿದ ಚಾರ್ಟ್ ಪ್ಯಾಕೇಜ್ ತನಗೆ ಪಾಂಡಾಸ್ 2 ಬೇಕು ಅಂತ ಹೊಸದನ್ನು ಎಳೆದುಕೊಂಡು ಬಂದಿತ್ತು. ಸಿಸ್ಟಮ್ ಫೋಲ್ಡರಿನಲ್ಲಿ ಬರೆಯಲು ಪಿಪ್‌ಗೆ ಅಧಿಕಾರ ಇಲ್ಲದ್ದರಿಂದ ಅದು ತಾನೇ ಹೋಮ್ ಫೋಲ್ಡರಿಗೆ ಹಾಕಿತ್ತು. "ಯೂಸರ್ ಇನ್‌ಸ್ಟಲೇಷನ್‌ಗೆ ಹೋಗುತ್ತಿದ್ದೇನೆ" ಅಂತ ಒಂದು ಸಾಲೂ ಬರೆದಿರುತ್ತದೆ, ಯಾರೂ ಗಮನಿಸುವುದಿಲ್ಲ. ಸುಡೋ ಹಾಕಿದಾಗ ಓಡುವವನು ರೂಟ್. ರೂಟ್‌ನ ಹೋಮ್ ಬೇರೆ. ತಮ್ಮನ ".ಲೋಕಲ್" ಅವನ ಕಣ್ಣಿಗೇ ಬೀಳುವುದಿಲ್ಲ, ಆದ್ದರಿಂದ ಎಪಿಟಿಯ ಹಳೇ ಪಾಂಡಾಸ್ ಸಿಗುತ್ತದೆ, ಸ್ಕ್ರಿಪ್ಟ್ ನಡೆಯುತ್ತದೆ.

ಹುಡುಕುವ ಸಾಲು ಹೇಗಿದೆ ಅಂತ ನಿಮಗೂ ನೋಡಬೇಕಿದ್ದರೆ "ಪೈಥಾನ್3 -ಎಂ ಸೈಟ್" ಅನ್ನಿ. ಸ್ಕ್ರಿಪ್ಟ್ ಓಡುವಾಗ ಮೊದಲು ಸ್ಕ್ರಿಪ್ಟ್ ಇರುವ ಫೋಲ್ಡರ್, ಆಮೇಲೆ "ಪೈಥಾನ್‌ಪಾತ್" ಅನ್ನೋ ವೇರಿಯಬಲ್‌ನಲ್ಲಿ ಏನಾದರೂ ಇದ್ದರೆ ಅದು, ಆಮೇಲೆ ಪೈಥಾನ್‌ನ ಸ್ವಂತ ಲೈಬ್ರರಿಗಳು, ಆಮೇಲೆ ನಿಮ್ಮ ".ಲೋಕಲ್", ಕೊನೆಗೆ ಸಿಸ್ಟಮ್‌ದು. ಮೊದಲು ಸಿಕ್ಕಿದ್ದೇ ಗೆದ್ದಂತೆ.

ನಿಮ್ಮ ಊಹೆ ಸರಿಯೋ ಅಂತ ಏನನ್ನೂ ಮುಟ್ಟದೆ ಪರೀಕ್ಷೆ ಮಾಡುವ ಒಂದು ಉಪಾಯ ಇದೆ. "ಪೈಥಾನ್3 -ಎಸ್ ಸ್ಕ್ರಿಪ್ಟ್‌ಹೆಸರು" ಅಂತ ಓಡಿಸಿ. ಆ "-ಎಸ್" ಇದ್ದರೆ ".ಲೋಕಲ್" ಕಡೆ ಪೈಥಾನ್ ತಿರುಗಿಯೂ ನೋಡುವುದಿಲ್ಲ. ಸ್ಕ್ರಿಪ್ಟ್ ನಡೆದರೆ ತೊಂದರೆ ".ಲೋಕಲ್"ನಲ್ಲಿದೆ. ತಮ್ಮನದು ನಡೆಯಿತು. ಅವತ್ತಿನ ಪಟ್ಟಿ ಅದರಲ್ಲೇ ತೆಗೆದು ಟೆಂಡರ್ ಮುಗಿಸಿಕೊಂಡ. ಉಳಿದ ರಿಪೇರಿ ರಾತ್ರಿಗೆ.

ಇಲ್ಲಿ ಒಂದು ಅಡ್ಡಮಾತು. ಸ್ಕ್ರಿಪ್ಟ್ ಇರುವ ಫೋಲ್ಡರ್ ಮೊದಲು ಅಂದೆನಲ್ಲ, ಅದು ಹೊಸಬರ ಕಾಲಿಗೆ ತೊಡಕುವ ಹಗ್ಗ. ಪಾಂಡಾಸ್ ಕಲಿಯಲು ಕೂತ ಹುಡುಗರು ಮೊದಲ ಫೈಲಿಗೆ "ಪಾಂಡಾಸ್.ಪಿವೈ" ಅಂತಲೇ ಹೆಸರಿಡುತ್ತಾರೆ. ಆಗ ಇಂಪೋರ್ಟ್ ಅಂದರೆ ಪೈಥಾನ್ ಆ ಫೈಲನ್ನೇ ತೆಗೆದುಕೊಳ್ಳುತ್ತದೆ, "ಅರ್ಧ ಮಾತ್ರ ತಯಾರಾದ ಮಾಡ್ಯೂಲ್, ಸರ್ಕ್ಯುಲರ್ ಇಂಪೋರ್ಟ್ ಇರಬಹುದು" ಅಂತ ಗೊಣಗುತ್ತದೆ. ಫೈಲಿನ ಹೆಸರು ಬದಲಿಸಿದರೆ ಮುಗಿಯಿತು. ಮೇಲಿನ ಆ "__ಫೈಲ್__" ಪ್ರಶ್ನೆ ಇದನ್ನೂ ಒಂದೇ ಏಟಿಗೆ ತೋರಿಸಿಕೊಡುತ್ತದೆ.

ಎಲ್ಲ ಪ್ರತಿಗಳನ್ನೂ ಲೆಕ್ಕ ಹಾಕಿ

"ಪೈಥಾನ್3 -ಎಂ ಪಿಪ್ ಲಿಸ್ಟ್ -ವಿ" ಕೊಟ್ಟರೆ ಪ್ರತಿಯೊಂದು ಪ್ಯಾಕೇಜ್ ಎಲ್ಲಿದೆ ಅನ್ನೋ ಕಾಲಮ್ಮೂ ಬರುತ್ತದೆ. ಆದರೆ ಅದು ಆ ಒಂದು ಪೈಥಾನ್ ಕಣ್ಣಿಗೆ ಕಂಡಷ್ಟೇ. ಇಡೀ ಡಿಸ್ಕಿನಲ್ಲಿ ಎಷ್ಟಿವೆ ಅಂತ ನೋಡಬೇಕೆಂದರೆ ಫೋಲ್ಡರ್ ಹೆಸರಿನ ಮೇಲೆ ಹುಡುಕಬೇಕು. ಪಿಪ್ ಏನೇ ಹಾಕಿದರೂ ಅದರ ಪಕ್ಕದಲ್ಲಿ ಹೆಸರು, ವರ್ಷನ್ ಮತ್ತು "ಡಿಸ್ಟ್-ಇನ್ಫೋ" ಅಂತ ಮುಗಿಯುವ ಒಂದು ಫೋಲ್ಡರ್ ಇಡುತ್ತದೆ. ಅದನ್ನೇ ಹಿಡಿಯಿರಿ:

ಫೈಂಡ್ / -ಟೈಪ್ ಡಿ -ನೇಮ್ "ಪಾಂಡಾಸ್-*.ಡಿಸ್ಟ್-ಇನ್ಫೋ" 2>/ಡೆವ್/ನಲ್

ಎಪಿಟಿಯಿಂದ ಬಂದದ್ದರಲ್ಲಿ "ಎಗ್-ಇನ್ಫೋ" ಅನ್ನೋ ಹೆಸರೂ ಇರಬಹುದು, ಅದನ್ನೂ ಒಮ್ಮೆ ಹುಡುಕಿ. ಈ ಪಟ್ಟಿಯನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ: ಎಲ್ಲಿದೆ, ಯಾವ ವರ್ಷನ್, ತಂದವರು ಯಾರು, ಪಿಪ್ಪೋ ಎಪಿಟಿಯೋ ಕಾಂಡಾನೋ (ಇದು ಪ್ಯಾಕೇಜ್ ತರುವ ಇನ್ನೊಂದು ಟೂಲ್). ಈ ಮೂರನೇ ಮಾಹಿತಿ ಮುಂದಿನ ಹೆಜ್ಜೆಗೆ ಬೇಕೇಬೇಕು.

ತೆಗೆಯುವುದು: ತಂದವರೇ ತೆಗೆಯಲಿ

ಪಿಪ್ ತಂದದ್ದನ್ನು ಪಿಪ್ ತೆಗೆಯಬೇಕು. ಎಪಿಟಿ ತಂದದ್ದನ್ನು ಎಪಿಟಿ. ಕಾಂಡಾ ತಂದದ್ದನ್ನು ಕಾಂಡಾ. ಎಪಿಟಿಯ ಪಾಂಡಾಸನ್ನು ಬೇರೆ ದಾರಿಯಿಂದ ಕಿತ್ತರೆ, ಎಪಿಟಿಯ ವಹಿಯಲ್ಲಿ ಅದು ಇನ್ನೂ ಇದೆ ಅಂತಲೇ ಇರುತ್ತದೆ, ಡಿಸ್ಕಿನಲ್ಲಿ ಇರುವುದಿಲ್ಲ. ಉಬುಂಟುವಿನ ಎಷ್ಟೋ ಸ್ವಂತ ಕೆಲಸಗಳೂ ಆ ಸಿಸ್ಟಮ್ ಪೈಥಾನ್ ಮೇಲೇ ನಡೆಯುತ್ತವೆ, ಅಲ್ಲಿ ಕೈಯಾಡಿಸಿ ಕೆಡಿಸಿಕೊಂಡರೆ ರಿಪೇರಿ ದೊಡ್ಡದಾಗುತ್ತದೆ. ಉಬುಂಟು 23.04 ಮತ್ತು ಡೆಬಿಯನ್ 12ರಿಂದ ಈಚೆಗೆ ಸಿಸ್ಟಮ್ ಪೈಥಾನ್‌ನಲ್ಲಿ ಪಿಪ್‌ನಿಂದ ಹಾಕಲು, ತೆಗೆಯಲು ಹೋದರೆ "ಎಕ್ಸ್‌ಟರ್ನಲಿ ಮ್ಯಾನೇಜ್ಡ್" ಅಂತ ಬಾಗಿಲಲ್ಲೇ ತಡೆಯುತ್ತದೆ. ಅದನ್ನು ದಾಟಲು "ಬ್ರೇಕ್ ಸಿಸ್ಟಮ್ ಪ್ಯಾಕೇಜಸ್" ಅನ್ನೋ ಆಯ್ಕೆಯೂ ಇದೆ. ಆ ಹೆಸರು ಇಟ್ಟವರು ಸುಳ್ಳು ಹೇಳಿಲ್ಲ, ಹಾಗಾಗಿ ಅದರ ಗೊಡವೆಗೆ ಹೋಗಬೇಡಿ.

ರಾತ್ರಿ ಮತ್ತೆ ಫೋನ್ ಮಾಡುವಷ್ಟರಲ್ಲಿ ತಮ್ಮ ಅವಸರ ಮಾಡಿ ".ಲೋಕಲ್"ನ ಪಾಂಡಾಸ್ ಒಂದನ್ನೇ ಕಿತ್ತುಹಾಕಿದ್ದ. ಈಗ ಬೇರೆ ಎರರ್: ನಂಪೈ ಡಿಟೈಪ್ ಸೈಜ್ ಬದಲಾಗಿದೆ ಅಂತ. ಆಗಿದ್ದಿಷ್ಟು. ಪಾಂಡಾಸ್ 2 ಬರುವಾಗ ಒಬ್ಬನೇ ಬಂದಿರಲಿಲ್ಲ, ಹೊಸ ನಂಪೈಯನ್ನೂ ಕರೆದುಕೊಂಡು ಬಂದಿತ್ತು. ಪಾಂಡಾಸ್ ಹೋಯಿತು, ನಂಪೈ ಉಳಿಯಿತು. ಈಗ ಎಪಿಟಿಯ ಹಳೇ ಪಾಂಡಾಸ್ ಎದ್ದು, ".ಲೋಕಲ್"ನ ಹೊಸ ನಂಪೈ ಮೇಲೆ ಕೂರಲು ಹೋಯಿತು. 2024ರ ಜೂನ್‌ನಲ್ಲಿ ಬಂದ ನಂಪೈ 2.0 ಒಳಗಿನ ಕಟ್ಟಡವನ್ನೇ ಬದಲಿಸಿದೆ. ನಂಪೈ 1 ಇಟ್ಟುಕೊಂಡು ಕಂಪೈಲ್ ಆದ ಹಳೇ ಪ್ಯಾಕೇಜುಗಳು ಅದರ ಮೇಲೆ ನಿಲ್ಲುವುದಿಲ್ಲ.

ಆದ್ದರಿಂದ ಒಂದನ್ನು ತೆಗೆಯುವಾಗ ಅದು ಯಾರನ್ನು ಜೊತೆಗೆ ತಂದಿದೆ ಅಂತ ನೋಡಿ. "ಪಿಪ್ ಶೋ ಪಾಂಡಾಸ್" ಅಂದರೆ "ರಿಕ್ವೈರ್ಸ್" ಸಾಲಿನಲ್ಲಿ ಅದಕ್ಕೆ ಬೇಕಾದವರು, "ರಿಕ್ವೈರ್ಡ್ ಬೈ" ಸಾಲಿನಲ್ಲಿ ಅದನ್ನು ನಂಬಿಕೊಂಡವರು ಬರುತ್ತಾರೆ. ಆಮೇಲೆ:

ಪೈಥಾನ್3 -ಎಂ ಪಿಪ್ ಅನ್‌ಇನ್‌ಸ್ಟಾಲ್ ಪಾಂಡಾಸ್ ನಂಪೈ

ಇದನ್ನು ಒಮ್ಮೆ ಮಾಡಿ ನಿಲ್ಲಿಸಬೇಡಿ. ಒಂದು ಸಲಕ್ಕೆ ಕಣ್ಣಿಗೆ ಬಿದ್ದ ಒಂದು ಪ್ರತಿ ಮಾತ್ರ ಹೋಗುತ್ತದೆ. "ಇನ್‌ಸ್ಟಾಲ್ ಆಗಿಲ್ಲ, ಬಿಟ್ಟೆ" ಅನ್ನೋವರೆಗೆ, ಇಲ್ಲವೇ "ಇದು ಡಿಸ್ಟ್-ಪ್ಯಾಕೇಜಸ್‌ನಲ್ಲಿದೆ, ಮುಟ್ಟುವುದಿಲ್ಲ" ಅನ್ನೋವರೆಗೆ ಮತ್ತೆ ಮತ್ತೆ ಓಡಿಸಿ. ಎರಡನೇ ಮಾತು ಬಂದರೆ ಉಳಿದಿರುವುದು ಎಪಿಟಿಯದು, ಅದನ್ನು ಇರಲಿ ಬಿಡಿ. ನಮಗೆ ಇನ್ನು ಮೇಲೆ ಅದರಿಂದ ತೊಂದರೆ ಇಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ತೆಗೆದ ಮೇಲೂ "ಇನ್‌ವ್ಯಾಲಿಡ್ ಡಿಸ್ಟ್ರಿಬ್ಯೂಷನ್" ಅಂತ ಅರ್ಧ ಹೆಸರಿನ ಎಚ್ಚರಿಕೆ ಬರುತ್ತಿದ್ದರೆ, ಸೈಟ್-ಪ್ಯಾಕೇಜಸ್ ಫೋಲ್ಡರಿನಲ್ಲಿ "~" ಗುರುತಿನಿಂದ ಶುರುವಾಗುವ ಫೋಲ್ಡರ್ ಉಳಿದಿರುತ್ತದೆ. ಅನ್‌ಇನ್‌ಸ್ಟಾಲ್ ನಡುವೆ ಕೈಕೊಟ್ಟಾಗ ಬಿದ್ದ ಕಸ ಅದು. ವಿಂಡೋಸ್‌ನಲ್ಲಿ, ಪೈಥಾನ್ ಓಡುತ್ತಿರುವಾಗಲೇ ಪ್ಯಾಕೇಜ್ ಬದಲಿಸಲು ಹೋದರೆ ಇದು ಜಾಸ್ತಿ. ಕೈಯಾರೆ ಅಳಿಸಬಹುದು.

ಓಪನ್‌ಸಿವಿ ಬಳಸುವವರು ಇನ್ನೊಂದು ನೋಡಬೇಕು. "ಓಪನ್‌ಸಿವಿ-ಪೈಥಾನ್" ಮತ್ತು "ಓಪನ್‌ಸಿವಿ-ಪೈಥಾನ್-ಹೆಡ್‌ಲೆಸ್" ಪಿಪ್ ಲೆಕ್ಕದಲ್ಲಿ ಎರಡು ಬೇರೆ ಪ್ಯಾಕೇಜು. ಆದರೆ ಎರಡೂ ಹೋಗಿ ಬೀಳುವುದು "ಸಿವಿ2" ಅನ್ನೋ ಒಂದೇ ಫೋಲ್ಡರಿಗೆ. ಪಿಪ್ ಇದನ್ನು ಜಗಳ ಅಂತ ಗುರುತಿಸುವುದೇ ಇಲ್ಲ. ಒಂದನ್ನು ತೆಗೆದರೆ ಇನ್ನೊಂದರ ಫೈಲುಗಳೂ ಹೋಗುತ್ತವೆ. ಎರಡನ್ನೂ ತೆಗೆದು ಬೇಕಾದ ಒಂದನ್ನು ಹೊಸದಾಗಿ ಹಾಕಿ.

ಒಂದೊಂದು ಕೆಲಸಕ್ಕೆ ಒಂದೊಂದು ಚೀಲ

ಕಡ್ಡಿ, ಡಬ್ಬಿ ಎರಡೂ ಬ್ಯಾಡಗಿ ಮೆಣಸಿನಕಾಯಿಯೇ. ಹಾಗಂತ ಒಂದೇ ಚೀಲಕ್ಕೆ ತುಂಬಿದರೆ ದರ ಹಾಕುವವರು ಮುಖ ತಿರುಗಿಸುತ್ತಾರೆ. ಇದನ್ನು ತಮ್ಮನಿಗೆ ನಾನು ಹೇಳಿಕೊಡಬೇಕಾಗಿಲ್ಲ. "ಹಂಗಾರ ಪಟ್ಟಿಗೆ ಒಂದ್ ಚೀಲ, ಚಾರ್ಟಿಗೆ ಒಂದ್ ಚೀಲ ಮಾಡೂದೇನು?" ಅಂತ ಅವನೇ ಕೇಳಿದ. ಹೌದು, ಅದೇ. ಆ ಚೀಲದ ಹೆಸರು ವರ್ಚುವಲ್ ಎನ್ವಿರಾನ್ಮೆಂಟ್. ಅದಕ್ಕೆ ಬೇಕಾದ "ವೆನ್ವ್" ಪೈಥಾನ್ ಜೊತೆಗೇ ಬರುತ್ತದೆ, 3.3ರಿಂದ ಇದೆ. ಉಬುಂಟುವಿನಲ್ಲಿ ಮಾತ್ರ "ಪೈಥಾನ್3-ವೆನ್ವ್" ಅಂತ ಎಪಿಟಿಯಿಂದ ಒಮ್ಮೆ ಹಾಕಿಕೊಳ್ಳಬೇಕಾಗುತ್ತದೆ.

ಕೆಲಸದ ಫೋಲ್ಡರಿಗೆ ಹೋಗಿ:

ಪೈಥಾನ್3 -ಎಂ ವೆನ್ವ್ .ವೆನ್ವ್
ಸೋರ್ಸ್ .ವೆನ್ವ್/ಬಿನ್/ಆಕ್ಟಿವೇಟ್

ವಿಂಡೋಸ್ ಆದರೆ ಎರಡನೇ ಸಾಲು ".ವೆನ್ವ್\ಸ್ಕ್ರಿಪ್ಟ್ಸ್\ಆಕ್ಟಿವೇಟ್". ಪವರ್‌ಶೆಲ್ "ಸ್ಕ್ರಿಪ್ಟ್ ಓಡಿಸಲು ಬಿಡುವುದಿಲ್ಲ" ಅಂತ ಹಟ ಮಾಡಿದರೆ ಹಳೇ ಕಮಾಂಡ್ ಪ್ರಾಂಪ್ಟ್‌ನಲ್ಲಿ ಮಾಡಿ, ಅದೇ ಸುಲಭ. ಪ್ರಾಂಪ್ಟ್ ಮುಂದೆ ಕಂಸದಲ್ಲಿ ".ವೆನ್ವ್" ಅಂತ ಬಂದರೆ ಒಳಗೆ ಬಂದಿರಿ ಅಂತ ಅರ್ಥ. ಅಲ್ಲಿ "ಬೇಸ್" ಅಂತ ಕಂಡರೆ ಕಾಂಡಾ ಎಚ್ಚರ ಇದೆ. ಮೊದಲು "ಕಾಂಡಾ ಡಿಆಕ್ಟಿವೇಟ್" ಮಾಡಿ ಆಮೇಲೆ ವೆನ್ವ್ ಮಾಡಿಕೊಳ್ಳಿ.

ಈ ಚೀಲದೊಳಗೆ ".ಲೋಕಲ್"ನ ಪ್ಯಾಕೇಜೂ ಕಾಣುವುದಿಲ್ಲ, ಎಪಿಟಿಯದೂ ಕಾಣುವುದಿಲ್ಲ. ಎಪಿಟಿಯದು ಇರಲಿ ಬಿಡಿ ಅಂದಿದ್ದು ಇದಕ್ಕೇ. "ಪೈಥಾನ್‌ಪಾತ್" ವೇರಿಯಬಲ್ ಮಾತ್ರ ಇಲ್ಲಿಗೂ ನುಗ್ಗುತ್ತದೆ. ಯಾವುದೋ ಹಳೇ ಟ್ಯುಟೋರಿಯಲ್ ನೋಡಿ ಅದನ್ನು "ಬ್ಯಾಶ್‌ಆರ್‌ಸಿ" ಫೈಲಿನಲ್ಲಿ (ಟರ್ಮಿನಲ್ ತೆರೆದಾಗಲೆಲ್ಲ ಓದುವ ಫೈಲ್) ಬರೆದಿಟ್ಟು ಮರೆತಿದ್ದರೆ ತೆಗೆದುಬಿಡಿ.

ವೆನ್ವ್ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿ ಇನ್ನೊಂದು ಯಂತ್ರಕ್ಕೆ ಒಯ್ಯುವುದು, ಹೆಸರು ಬದಲಿಸುವುದು, ಜಾಗ ಬದಲಿಸುವುದು ಬೇಡ. ಅದರೊಳಗಿನ ಸ್ಕ್ರಿಪ್ಟ್‌ಗಳಲ್ಲಿ ಪೂರ್ತಿ ದಾರಿ ಬರೆದಿರುತ್ತದೆ. ಅಳಿಸಿ ಹೊಸದು ಮಾಡಿಕೊಳ್ಳುವುದೇ ಸಲೀಸು.

ಇಬ್ಬರಿಗೆ ಬೇರೆ ಬೇರೆ ವರ್ಷನ್ ಬೇಕಾದಾಗ

ಚೀಲ ಬೇರೆ ಮಾಡಿದ ಮೇಲೂ ಒಂದೇ ಚೀಲದೊಳಗೆ ಜಗಳ ಹುಟ್ಟಬಹುದು. ತಮ್ಮನ ಸ್ಕ್ರಿಪ್ಟ್‌ಗೆ ಹಳೇ ಪಾಂಡಾಸ್ ಬೇಕು. ಸೀಸನ್ ನಡುವೆ ಕೋಡ್ ತಿದ್ದಲು ಅವನಿಗೆ ಪುರುಸೊತ್ತಿಲ್ಲ. ಹಾಗಾಗಿ ಹೀಗೆ ಹಾಕಿಸಿದೆ:

ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ "ಪಾಂಡಾಸ್<2" "ನಂಪೈ<2" ಓಪನ್‌ಪೈಎಕ್ಸ್‌ಎಲ್

ಕೊನೆಯ ಹೆಸರು ಎಕ್ಸೆಲ್ ಫೈಲ್ ಓದಲು ಬೇಕಾದ ಪ್ಯಾಕೇಜ್. ಉಳಿದಂತೆ ಇದರಲ್ಲಿ ಮೂರು ವಿಷಯ ಇದೆ.

ಒಂದು, ಉದ್ಧರಣ ಚಿಹ್ನೆ. ಅದನ್ನು ಬಿಟ್ಟರೆ "<" ಗುರುತನ್ನು ಶೆಲ್ (ನಾವು ಟೈಪ್ ಮಾಡಿದ ಕಮಾಂಡ್ ಓದುವ ಪ್ರೋಗ್ರಾಂ) ತನಗೇ ಅಂದುಕೊಂಡು "2" ಅನ್ನೋ ಫೈಲ್ ಹುಡುಕಲು ಹೋಗುತ್ತದೆ. "ನಂಪೈ>=2.0" ಅಂತ ಚಿಹ್ನೆ ಇಲ್ಲದೆ ಬರೆದರಂತೂ ಎರರ್ ಕೂಡ ಬರುವುದಿಲ್ಲ. ಸುಮ್ನೆ "=2.0" ಅನ್ನೋ ಹೆಸರಿನ ಫೈಲ್ ಒಂದು ಹುಟ್ಟುತ್ತದೆ, ಪಿಪ್ ಹೇಳಿದ್ದೆಲ್ಲ ಅದರೊಳಗೆ ಹೋಗಿ ಕೂರುತ್ತದೆ, ವರ್ಷನ್ ಷರತ್ತು ಪಿಪ್‌ಗೆ ತಲುಪಿಯೇ ಇರುವುದಿಲ್ಲ. ನಿಮ್ಮ ಪ್ರಾಜೆಕ್ಟ್ ಫೋಲ್ಡರಿನಲ್ಲಿ ಅಂಥ ಫೈಲ್ ಇದೆಯಾ ಒಮ್ಮೆ ನೋಡಿ. ನನ್ನದರಲ್ಲಿ ಎರಡು ಸಿಕ್ಕಿದ್ದವು.

ಎರಡು, ನಂಪೈಗೂ ಮಿತಿ ಹಾಕಿದ್ದು. ಆ ಷರತ್ತಿಗೆ ಸಿಗುವ ಪಾಂಡಾಸ್ 1.5.3 ಬಂದಾಗ ನಂಪೈ 2 ಹುಟ್ಟಿರಲಿಲ್ಲ. ಆದ್ದರಿಂದ "ನನಗೆ 2 ಬೇಡ" ಅಂತ ಅದು ಎಲ್ಲೂ ಬರೆದುಕೊಂಡಿಲ್ಲ. ಪಿಪ್ ಧಾರಾಳವಾಗಿ ನಂಪೈ 2 ತಂದು ಹಾಕುತ್ತದೆ, "ಪಿಪ್ ಚೆಕ್" ಅಂದರೆ ಎಲ್ಲ ಸರಿಯಿದೆ ಅನ್ನುತ್ತದೆ, ಇಂಪೋರ್ಟ್ ಮಾಡಿದರೆ ಬಿದ್ದುಹೋಗುತ್ತದೆ. ಪಿಪ್ ಚೆಕ್ ಕೆಟ್ಟದ್ದಲ್ಲ, ದಿನಾ ಬಳಸಿ. ಆದರೆ ಅದು ಕಾಗದಪತ್ರ ನೋಡುತ್ತದೆ, ಮಾಲು ನೋಡುವುದಿಲ್ಲ. ಮಾಲು ನೋಡಲು ಒಮ್ಮೆ ಇಂಪೋರ್ಟ್ ಮಾಡಲೇಬೇಕು.

ಮೂರು, ಎಲ್ಲವನ್ನೂ ಒಂದೇ ಕಮಾಂಡಿನಲ್ಲಿ ಹಾಕಿದ್ದು. 2020ರ ನವೆಂಬರ್‌ನಲ್ಲಿ ಬಂದ ಪಿಪ್ 20.3ರಿಂದ ಹೊಸ ರಿಸಾಲ್ವರ್ ಇದೆ. ಒಟ್ಟಿಗೆ ಕೇಳಿದರೆ ಎಲ್ಲರ ಷರತ್ತನ್ನೂ ಇಟ್ಟುಕೊಂಡು ಹೊಂದುವ ವರ್ಷನ್ ಹುಡುಕುತ್ತದೆ. ಒಂದೊಂದಾಗಿ ಹಾಕಿದರೆ ಕೊನೆಗೆ ಬಂದವರ ಮಾತು ನಡೆದು, ಮೊದಲು ಬಂದವರದು ಮುರಿಯಬಹುದು.

ಹೊಂದುವ ವರ್ಷನ್ ಸಿಗದೇ ಹೋದರೆ "ರೆಸಲ್ಯೂಷನ್ ಇಂಪಾಸಿಬಲ್" ಅಂತ ಪಿಪ್ ಕೈಚೆಲ್ಲುತ್ತದೆ. ಕೆಂಪು ಅಕ್ಷರ ನೋಡಿ ಹೆದರಬೇಡಿ. "ಜಗಳಕ್ಕೆ ಕಾರಣ" ಅಂತ ಶುರುವಾಗುವ ಸಾಲಿನ ಕೆಳಗೆ ಯಾರಿಗೆ ಏನು ಬೇಕು ಅಂತ ಸ್ಪಷ್ಟವಾಗಿ ಇರುತ್ತದೆ: ಇವರಿಗೆ ನಂಪೈ 2ಕ್ಕಿಂತ ಕಡಿಮೆ, ಅವರಿಗೆ 2 ಅಥವಾ ಮೇಲೆ. ನಾನು ಮೊದಲು ನೋಡುವುದು ನಾನೇ ಬರೆದ ಷರತ್ತುಗಳನ್ನು. ಎಂದೋ ಬರೆದ "==" ಒಂದು ಸುಮ್ನೆ ಅಡ್ಡಗಾಲು ಹಾಕಿರುತ್ತದೆ, ಅದನ್ನು ಸಡಿಲ ಮಾಡಿದರೆ ಬಗೆಹರಿಯುತ್ತದೆ. ಆಗದಿದ್ದರೆ ಹಳೇದನ್ನು ಕೇಳುವ ಪ್ಯಾಕೇಜಿನ ಹೊಸ ವರ್ಷನ್ ಬಂದಿದೆಯಾ ನೋಡುತ್ತೇನೆ. ಅದೂ ಇಲ್ಲದಿದ್ದರೆ ಹೊಸದನ್ನು ಕೇಳುವವರ ಒಂದು ಹಳೇ ವರ್ಷನ್. ಯಾರು ಯಾರನ್ನು ಎಳೆದು ತಂದರು ಅಂತ ತಿಳಿಯದಿದ್ದರೆ "ಪಿಪ್‌ಡೆಪ್‌ಟ್ರೀ" ಅನ್ನೋ ಸಣ್ಣ ಟೂಲ್ ಹಾಕಿಕೊಂಡು "--ರಿವರ್ಸ್ --ಪ್ಯಾಕೇಜಸ್ ನಂಪೈ" ಕೊಡಿ, ವಂಶವೃಕ್ಷವನ್ನೇ ಬಿಡಿಸಿಡುತ್ತದೆ. ಯಾವುದಕ್ಕೂ ಬಗ್ಗದಿದ್ದರೆ ಇನ್ನೊಂದು ಚೀಲ. ತಮ್ಮನ ಚಾರ್ಟ್ ಪ್ಯಾಕೇಜಿಗೆ ಬೇರೆ ವೆನ್ವ್ ಮಾಡಿಸಿದ್ದು ಹೀಗೇ. ಪಟ್ಟಿಯ ಸ್ಕ್ರಿಪ್ಟ್ ಒಂದು ಸಿಎಸ್‌ವಿ ಬರೆದಿಡುತ್ತದೆ, ಚಾರ್ಟ್‌ನದು ಅದನ್ನು ಓದಿಕೊಳ್ಳುತ್ತದೆ. ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ.

ಎಲ್ಲ ನಡೆದ ಮೇಲೆ ಎರಡು ಫೈಲ್ ಇಟ್ಟುಕೊಳ್ಳಿ. ಒಂದರಲ್ಲಿ ನೀವಾಗಿ ಕೇಳಿದ ಮೂರ್ನಾಲ್ಕು ಹೆಸರು, ಷರತ್ತಿನ ಸಮೇತ. ಇನ್ನೊಂದರಲ್ಲಿ "ಪಿಪ್ ಫ್ರೀಜ್" ಕೊಟ್ಟ ಪೂರ್ತಿ ಪಟ್ಟಿ. ಮೊದಲನೆಯದು ಮುಂದೆ ಅಪ್‌ಡೇಟ್ ಮಾಡಲು, ಎರಡನೆಯದು ಇದ್ದದ್ದನ್ನು ಇದ್ದಹಾಗೇ ಇನ್ನೊಂದು ಯಂತ್ರದಲ್ಲಿ ಕಟ್ಟಲು. ಹಾಂ, ಪಾಂಡಾಸ್ 1.5.3ನ್ನು ಪೈಥಾನ್ 3.12ರಲ್ಲಿ ಹಾಕಲು ಹೋಗಬೇಡಿ. ಅದಕ್ಕೆ ತಯಾರಾದ ವೀಲ್ ಫೈಲ್ ಇಲ್ಲ, ಪಿಪ್ ಸೋರ್ಸ್‌ನಿಂದ ಕಟ್ಟಲು ಹೋಗಿ ಉದ್ದುದ್ದ ಎರರ್ ಕಾರುತ್ತದೆ. ಆದ್ದರಿಂದ ಪೈಥಾನ್ ವರ್ಷನ್ನನ್ನೂ ಆ ಫೈಲಿನ ತಲೆಯಲ್ಲಿ ಬರೆದಿಡಿ.

ನೋಟ್‌ಬುಕ್ ಬಳಸುವವರಿಗೆ

ಟರ್ಮಿನಲ್‌ನಲ್ಲಿ ನಡೆಯುತ್ತದೆ, ಜುಪಿಟರ್‌ನಲ್ಲಿ ನಡೆಯುವುದಿಲ್ಲ ಅನ್ನೋದು ಧಾರವಾಡದ ಕಾಲೇಜು ಹುಡುಗರಿಂದ ನಾನು ಹೆಚ್ಚು ಕೇಳುವ ದೂರು. ಜುಪಿಟರ್‌ನ ಕರ್ನಲ್ (ಸೆಲ್‌ನ ಕೋಡ್ ಓಡಿಸುವ ಭಾಗ) ಬೇರೆ ಪೈಥಾನ್ ಆಗಿರಬಹುದು. ಒಂದು ಸೆಲ್‌ನಲ್ಲಿ "ಇಂಪೋರ್ಟ್ ಸಿಸ್; ಸಿಸ್.ಎಕ್ಸಿಕ್ಯೂಟಬಲ್" ಓಡಿಸಿ, ಗೊತ್ತಾಗುತ್ತದೆ. ನೋಟ್‌ಬುಕ್ ಒಳಗಿಂದ ಹಾಕುವುದಾದರೆ "!ಪಿಪ್" ಬೇಡ, "%ಪಿಪ್" ಬಳಸಿ. ಎರಡನೆಯದು ಆ ಕರ್ನಲ್‌ನ ಪೈಥಾನ್‌ಗೇ ಹಾಕುತ್ತದೆ. ಹಾಕಿದ ಮೇಲೆ ಕರ್ನಲ್ ರೀಸ್ಟಾರ್ಟ್ ಮಾಡಿ. ಒಮ್ಮೆ ಇಂಪೋರ್ಟ್ ಆದ ಹಳೇ ವರ್ಷನ್ ಮೆಮೊರಿಯಲ್ಲಿ ಕೂತಿರುತ್ತದೆ, ಡಿಸ್ಕಿನಲ್ಲಿ ಬದಲಾಗಿದ್ದು ಅದಕ್ಕೆ ತಿಳಿಯುವುದಿಲ್ಲ. ವಿಎಸ್ ಕೋಡ್‌ನವರು ಇಂಟರ್‌ಪ್ರಿಟರ್ ಯಾವುದು ಆಯ್ಕೆಯಾಗಿದೆ ಅಂತ ಕೆಳಗಿನ ಪಟ್ಟಿಯಲ್ಲಿ ನೋಡಿದರೆ ಸಾಕು.

ಪೈಥಾನ್ ಅಲ್ಲದವರಿಗೂ ದಾರಿ ಇದೇ, ಕಮಾಂಡ್ ಬೇರೆ. ನೋಡ್‌ನಲ್ಲಿ "ಎನ್‌ಪಿಎಂ ಎಲ್‌ಎಸ್" ಮುಂದೆ ಪ್ಯಾಕೇಜ್ ಹೆಸರು. ಅಲ್ಲಿ ಒಂದೇ ಪ್ಯಾಕೇಜಿನ ಎರಡು ವರ್ಷನ್ ಒಟ್ಟಿಗೆ ಬಾಳಬಹುದು, ಆದರೆ ರಿಯಾಕ್ಟ್ ಎರಡಾದರೆ "ಇನ್‌ವ್ಯಾಲಿಡ್ ಹುಕ್ ಕಾಲ್" ಬರುತ್ತದೆ. ಜಾವಾದಲ್ಲಿ ಮೇವನ್ ಇದ್ದರೆ "ಎಂವಿಎನ್ ಡಿಪೆಂಡೆನ್ಸಿ:ಟ್ರೀ". ಅಲ್ಲಿ ಮರದಲ್ಲಿ ಬೇರಿಗೆ ಹತ್ತಿರ ಇರುವ ವರ್ಷನ್ ಗೆಲ್ಲುತ್ತದೆ. ಲಿನಕ್ಸ್‌ನ ಸಿ ಲೈಬ್ರರಿಗಳಿಗೆ "ಎಲ್‌ಡಿಡಿ", ಅದು ಯಾವ ಪ್ರತಿ ಎಲ್ಲಿಂದ ಸಿಗುತ್ತದೆ ಅಂತ ಸಾಲು ಸಾಲಾಗಿ ತೋರಿಸುತ್ತದೆ.

ಕೊನೆಗೆ, ಬಟನ್ ಒತ್ತುವವರಿಗಾಗಿ

ಅಂಗಡಿಯಲ್ಲಿ ಪಟ್ಟಿ ತೆಗೆಯುವವರು ತಮ್ಮ ಒಬ್ಬನೇ ಅಲ್ಲ. ಅವನು ಊಟಕ್ಕೆ ಹೋದಾಗ ವಯಸ್ಸಾದ ಗುಮಾಸ್ತರು ಕೂರುತ್ತಾರೆ. ಅವರಿಗೆ "ಮೊದಲು ಆಕ್ಟಿವೇಟ್ ಮಾಡ್ರಿ" ಅಂತ ಹೇಳಿಕೊಡಲು ಆಗುತ್ತದಾ? ಬೇಕಾಗೂ ಇಲ್ಲ. ಆಕ್ಟಿವೇಟ್ ಅನ್ನೋದು ನಮ್ಮ ಅನುಕೂಲಕ್ಕಷ್ಟೇ. ಚೀಲದೊಳಗಿನ ಪೈಥಾನ್‌ನ ಪೂರ್ತಿ ದಾರಿ ಕೊಟ್ಟು ಸ್ಕ್ರಿಪ್ಟ್ ಓಡಿಸಿದರೆ ಅದು ತನ್ನ ಚೀಲದ ಲೈಬ್ರರಿಗಳನ್ನೇ ತೆಗೆದುಕೊಳ್ಳುತ್ತದೆ. ಡೆಸ್ಕ್‌ಟಾಪ್ ಶಾರ್ಟ್‌ಕಟ್ಟಿನಲ್ಲೂ, ಕ್ರಾನ್‌ನಲ್ಲೂ (ಹೊತ್ತಿಗೆ ಸರಿಯಾಗಿ ತಾನೇ ಓಡಿಸುವ ವ್ಯವಸ್ಥೆ) ಬರೀ "ಪೈಥಾನ್3" ಅಂತ ಬರೆಯದೆ, ಆ ಫೋಲ್ಡರಿನ ".ವೆನ್ವ್/ಬಿನ್/ಪೈಥಾನ್" ಪೂರ್ತಿ ದಾರಿಯನ್ನೇ ಬರೆಯಿರಿ.

ತಮ್ಮ ಹಾಗೇ ಬರೆದು, ಶಾರ್ಟ್‌ಕಟ್ಟಿಗೆ ಕೆಂಪು ಮೆಣಸಿನಕಾಯಿಯ ಚಿತ್ರ ಹಾಕಿಕೊಟ್ಟ. ಗುಮಾಸ್ತರು ಡಬಲ್ ಕ್ಲಿಕ್ ಮಾಡಿದರು, ಪಟ್ಟಿ ಬಂತು. "ಸುಡೋ ಅಂದ್ರ ಯಾರಪಾ, ನಿನ್ನೆ ಅವನ ಹೆಸರ ತಗೊಂಡ್ ಭಾಳ ಒದರ್ತಿದ್ದೆಲ್ಲ?" ಅಂತ ಕೇಳಿದರಂತೆ.